ಡೊಲೊರೆಸ್ ಬಾಯಿಯ ಬೆಳ್ಳಿ ಡಾಲರ್

ನೆವಾರ್ಕ್

ನೆವಾರ್ಕ್ ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ಬಿಚ್ಚಿಸಿದ ಅಧಿಕಾರಿ ಶೇಂಗಾ ಹಿಂಡಿಯನ್ನೂ ಖಡಕ್ ರೊಟ್ಟಿಯನ್ನೂ ನೋಡಿ ಸುಮ್ಮನೆ ಬದಿಗಿಟ್ಟ. ಅವನ ಕಣ್ಣಿಗೆ ಬಿದ್ದದ್ದು ಹಳೇ ಸೀರೆಯ ತುಂಡಿನಲ್ಲಿ ಸುತ್ತಿದ್ದ ನನ್ನ ಒರೆಗಲ್ಲು. ಎತ್ತಿ ಹಿಡಿದು ಬೆಳಕಿಗೆ ತಿರುಗಿಸಿ, "ಇದೇನು?" ಎಂದು ಕೇಳಿದ.

"ಸ್ಟೋನ್" ಎಂದೆ.

"ಅದು ನನಗೂ ಕಾಣಿಸ್ತಾ ಇದೆ. ಇಷ್ಟು ದೂರ ಒಂದು ಕಲ್ಲನ್ನು ಯಾಕೆ ತಂದಿದ್ದೀರಿ?"

ಅಂಗಡಿಯಲ್ಲಿ ಗಿರಾಕಿಗಳ ಜೊತೆ ಆಡಿ ಕಲಿತ ನನ್ನ ಇಂಗ್ಲಿಷ್ ಅಲ್ಲಿಗೆ ಮುಗಿಯಿತು. ಕೈಯ ಬೆಳ್ಳಿ ಬಳೆ ತೋರಿಸಿ, ಗಾಳಿಯಲ್ಲೇ ಕಲ್ಲಿನ ಮೇಲೆ ತಿಕ್ಕಿದ ಹಾಗೆ ಮಾಡಿ, "ಗುಡ್ ಸಿಲ್ವರ್, ಬ್ಯಾಡ್ ಸಿಲ್ವರ್" ಎಂದೆ. ಅವನು ನಕ್ಕು, ಕಲ್ಲನ್ನು ಅದೇ ಬಟ್ಟೆಯಲ್ಲಿ ಸುತ್ತಿ ವಾಪಸು ಕೊಟ್ಟ. ಅವತ್ತು ಅವನು ಅದನ್ನು ಕಸಿದುಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ನಾನು ಹುಬ್ಬಳ್ಳಿಯವಳು. ನಮ್ಮದು ಪತ್ತಾರರ, ಅಂದರೆ ಅಕ್ಕಸಾಲಿಗರ ಮನೆ. ಅಪ್ಪನಿಗೆ ಗಂಡುಮಕ್ಕಳಿರಲಿಲ್ಲ. ಅವನ ಕೈಕಾಲು ಸೋತ ಮೇಲೆ ಅಂಗಡಿಯ ಗಾದಿಯ ಮೇಲೆ ನಾನೇ ಕೂತೆ. ಕಾಲುಂಗುರ, ಗೆಜ್ಜೆ, ಲಿಂಗದ ಕರಡಿಗೆ, ಇಂಥವೇ ನನ್ನ ವ್ಯಾಪಾರ. ತಂಗಿ ಶೈಲಾ ಮದುವೆಯಾಗಿ ಅಮೆರಿಕಕ್ಕೆ ಬಂದು ಎಷ್ಟೋ ಕಾಲವಾಯಿತು. ಪ್ರತಿ ವರ್ಷ ಕರೆಯುತ್ತಿದ್ದಳು, ಪ್ರತಿ ವರ್ಷ ನಾನು ಸೀಸನ್ ನೆಪ ಹೇಳುತ್ತಿದ್ದೆ. ಕೊನೆಗೂ ಹೊರಟಾಗ ಅವಳೇ ಫೋನಿನಲ್ಲಿ ಹೇಳಿದಳು, "ಅಕ್ಕಾ, ಬರೋವಾಗ ಒರಿಗಲ್ಲು ತಗೊಂಡ ಬಾ. ಇಲ್ಲಿ ತಗೊಂಡ ದೇವರ ಸಾಮಾನು ಖರೇ ಬೆಳ್ಳಿನೋ ಅಲ್ಲೋ ನಂಗ ಡೌಟ್ ಐತಿ."

ವುಡ್‌ಬ್ರಿಡ್ಜ್

ಶೈಲಾಳ ಮನೆ ವುಡ್‌ಬ್ರಿಡ್ಜ್‌ನಲ್ಲಿ. ಅವಳ ಗಂಡ ಅರವಿಂದ ಕ್ರ್ಯಾನ್‌ಬರಿಯ ಔಷಧ ಕಂಪನಿಯೊಂದಕ್ಕೆ ದಿನಾ ಕಾರು ಓಡಿಸಿಕೊಂಡು ಹೋಗುತ್ತಾನೆ. ಮಗಳು ಕಾಲೇಜಿನ ಹಾಸ್ಟೆಲಿನಲ್ಲಿ. ಹಗಲು ಹೊತ್ತು ಮನೆಯಲ್ಲಿ ನಾವಿಬ್ಬರೇ.

ಮೊದಲ ವಾರ ನನ್ನನ್ನು ಬಹಳ ಕಾಡಿದ್ದು ಅಲ್ಲಿಯ ಸದ್ದಿಲ್ಲದ ಬೀದಿ. ಸಾಲಾಗಿ ಮನೆಗಳಿವೆ, ಎಲ್ಲರ ಅಂಗಳದಲ್ಲೂ ಹುಲ್ಲು ಬೆಳೆಸಿದ್ದಾರೆ, ಒಬ್ಬರೂ ಅದರ ಮೇಲೆ ಕೂರುವುದಿಲ್ಲ. ಕಸದ ಡಬ್ಬಿಗೂ ವಾರ ಉಂಟು. ಹಾಳೆಯ ದಿನ ಬಾಟಲಿ ಇಟ್ಟೆನೆಂದು ಕಸದ ಗಾಡಿಯವನು ಡಬ್ಬಿಯನ್ನು ಮುಟ್ಟದೆ ಬಿಟ್ಟು ಹೋದ. ಅರವಿಂದ ಅದನ್ನು ಸಂಜೆ ಮುಖ ಸಪ್ಪಗೆ ಮಾಡಿಕೊಂಡು ಎಳೆದು ತಂದ. ಐಸೆಲಿನ್‌ನ ಅಂಗಡಿ ಸಾಲಿಗೆ ಹೋದಾಗ ಮಾತ್ರ ಉಸಿರಾಡಿದೆ. ಚಿನಿವಾರರ ಅಂಗಡಿಗಳು ಒತ್ತೊತ್ತಾಗಿ, ಹುಬ್ಬಳ್ಳಿಯ ಸರಾಫ ಗಟ್ಟಿಯನ್ನೇ ಎತ್ತಿ ತಂದಿಟ್ಟ ಹಾಗಿದ್ದವು. ಆದರೆ ಅಲ್ಲಿ ಯಾವ ಗಿರಾಕಿಯೂ ಕಲ್ಲು ಕೇಳಲಿಲ್ಲ. ಒಡವೆಯ ಒಳಬದಿಯ ಮುದ್ರೆ ನೋಡಿ ಕಾರ್ಡ್ ಕೊಟ್ಟು ಹೋಗುತ್ತಿದ್ದರು. ನನ್ನ ಅಂಗಡಿಯಲ್ಲಿ ಒರೆಗೆ ಹಚ್ಚದೆ ರೇಟು ಹೇಳಿದರೆ ಗಿರಾಕಿ ಎದ್ದು ಹೋಗುತ್ತಾನೆ.

ತಂಗಿಯ ದೇವರ ಸಾಮಾನೆಲ್ಲ ಒಳ್ಳೆಯ ಬೆಳ್ಳಿಯೇ ಆಗಿತ್ತು. ಆ ಸಂತೋಷವನ್ನು ಅವಳು ಪಕ್ಕದ ಮನೆಯ ಡೊಲೊರೆಸ್‌ಗೂ ಹೇಳಿದಳು.

ಡೊಲೊರೆಸ್‌ಗೆ ಎಂಬತ್ತರ ಹತ್ತಿರ ವಯಸ್ಸು. ಗಂಡ ತೀರಿಕೊಂಡಿದ್ದಾರೆ. ಮಗಳು ಕ್ಯಾರೆನ್ ಪೆನ್ಸಿಲ್ವೇನಿಯಾದಲ್ಲಿದ್ದಾಳೆ. ನಾನು ಬಂದ ಮರುದಿನವೇ ಸೌತೆಯಂಥ ಯಾವುದೋ ಕಾಯಿ ತುರಿದು ಹಾಕಿದ ಬ್ರೆಡ್ ಮಾಡಿ ತಂದುಕೊಟ್ಟು, ಹೊಸ್ತಿಲಲ್ಲೇ ನಿಂತು ಮಾತಾಡಿಸಿ ಹೋಗಿದ್ದರು. ಅಷ್ಟು ಹಿರಿಯ ಹೆಂಗಸನ್ನು ಶೈಲಾ ಬರೀ ಹೆಸರು ಹಿಡಿದು ಕೂಗುವುದು ಕೇಳಿ ನನಗೆ ಮುಜುಗರವಾಯಿತು. ನಮ್ಮ ಕಡೆ ಹಿರಿಯ ಹೆಂಗಸರನ್ನು ಕರೆಯುವ ಹಾಗೆ ನಾನು ಡೊಲೊರೆಸ್ ಬಾಯಿ ಎಂದೆ. ಅವರಿಗೆ ಅದು ಬಹಳ ಹಿಡಿಸಿತು. ಮುಂದೆ ತಮ್ಮನ್ನು ತಾವೇ ಹಾಗೆ ಕರೆದುಕೊಂಡು ಬಾಗಿಲು ತಟ್ಟುತ್ತಿದ್ದರು.

"ಅವರು ಇಲ್ಲಾಂದ್ರ ನಾ ಈ ದೇಶದಾಗ ನಿಲ್ತಿದ್ದಿಲ್ಲ ಅಕ್ಕಾ" ಎಂದಳು ಶೈಲಾ. ಅವಳು ಬಸುರಿಯಾಗಿದ್ದಾಗ ಅರವಿಂದ ಊರಲ್ಲಿರಲಿಲ್ಲ. ಹಿಮ ಬೀಳುತ್ತಿತ್ತು. ನೋವು ಶುರುವಾದಾಗ ಡೊಲೊರೆಸ್ ಬಾಯಿ ತಾವೇ ಸಲಿಕೆ ಹಿಡಿದು ಕಾರಿನ ದಾರಿ ಬಿಡಿಸಿ, ಆಸ್ಪತ್ರೆಗೆ ಮುಟ್ಟಿಸಿ, ಹೆರಿಗೆಯ ಕೋಣೆಯಲ್ಲಿ ಇವಳ ಕೈ ಹಿಡಿದು ನಿಂತಿದ್ದರಂತೆ. ಅವ್ವ ಇರಬೇಕಾಗಿದ್ದ ಜಾಗ ಅದು. ಅವ್ವನಿಗೆ ವೀಸಾ ಸಿಕ್ಕಿರಲಿಲ್ಲ.

ಡೊಲೊರೆಸ್ ಬಾಯಿಯ ಅಡುಗೆಮನೆ

ಒಂದು ದಿನ ಮಧ್ಯಾಹ್ನ ಕಾಫಿಗೆ ಕರೆದರು. ಅವರ ಕಾಫಿ ನಮ್ಮ ಕಷಾಯದ ಹಾಗೆ, ದೊಡ್ಡ ಬಟ್ಟಲು ತುಂಬ. ಕುಡಿದಷ್ಟೂ ಮತ್ತೆ ಸುರಿಯುತ್ತಾರೆ. ನಾನು ಬಟ್ಟಲ ಮೇಲೆ ಕೈ ಮುಚ್ಚಿದಾಗ ನಗುತ್ತ ಎದ್ದು ಹೋಗಿ, ಒಂದು ತಗಡಿನ ಡಬ್ಬಿ ತಂದು ಮೇಜಿನ ಮೇಲೆ ಸುರಿದರು. ಹಳೆಯ ಡಾಲರ್ ನಾಣ್ಯಗಳು.

ನನಗೆ ಅಂಗಡಿಗೇ ಬಂದು ಕೂತಷ್ಟು ಖುಷಿಯಾಯಿತು. ಒಂದೊಂದನ್ನೇ ಬೆರಳ ತುದಿಯಲ್ಲಿ ನಿಲ್ಲಿಸಿ ಇನ್ನೊಂದರಿಂದ ಮೆಲ್ಲಗೆ ತಟ್ಟಿದೆ. ಬೆಳ್ಳಿಯದಾದರೆ ಸದ್ದು ಗಂಟೆಯ ಹಾಗೆ ಎಳೆದುಕೊಂಡು ಹೋಗುತ್ತದೆ. ಬೋಳುತಲೆಯ ಅಧ್ಯಕ್ಷನ ಮುಖವಿದ್ದ ದೊಡ್ಡ ಡಾಲರುಗಳು ಮೊಂಡಾಗಿ ಸದ್ದು ಮಾಡಿದವು. ಅವುಗಳ ಅಂಚು ತಿರುಗಿಸಿ ನೋಡಿದರೆ ನಡುವೆ ತಾಮ್ರದ ಗೆರೆ ಕಾಣುತ್ತಿತ್ತು. "ನೋ ಸಿಲ್ವರ್" ಎಂದು ಅವನ್ನು ಬದಿಗೆ ಸರಿಸಿದೆ. ಶೈಲಾ ನಡುವೆ ಕೂತು ಆಕಡೆ ಈಕಡೆ ಮಾತು ದಾಟಿಸುತ್ತಿದ್ದಳು. ಡೊಲೊರೆಸ್ ಬಾಯಿ ಚಿಕ್ಕ ಹುಡುಗಿಯ ಹಾಗೆ ಚಪ್ಪಾಳೆ ತಟ್ಟಿದರು.

ಆಮೇಲೆ ಒಳಕೋಣೆಗೆ ಹೋಗಿ ಇನ್ನೊಂದನ್ನು ತಂದರು. ಅದು ಡಬ್ಬಿಯಲ್ಲಿರಲಿಲ್ಲ, ಮೆತ್ತನೆಯ ಉಣ್ಣೆ ಬಟ್ಟೆಯೊಳಗಿತ್ತು. ಅದೂ ಬೆಳ್ಳಿ ಡಾಲರೇ. ಒಂದು ಕಡೆ ಹೆಣ್ಣಿನ ಮುಖ, ಇನ್ನೊಂದು ಕಡೆ ರೆಕ್ಕೆ ಬಿಚ್ಚಿದ ಹದ್ದು. ಹದ್ದಿನ ಕೆಳಗೆ ಕಣ್ಣು ಕಿರಿದು ಮಾಡಿದರೆ ಮಾತ್ರ ಕಾಣುವಂತೆ ಸಿ ಎಂಬ ಅಕ್ಷರ ಎರಡು ಸಲ. ದೂರದ ಪಶ್ಚಿಮದ ಕಾರ್ಸನ್ ಸಿಟಿ ಎಂಬ ಊರಿನ ಟಂಕಸಾಲೆಯ ಗುರುತು ಅದು. ನೂರು ವರ್ಷಕ್ಕೂ ಹಳೆಯದು, ಆದರೂ ನಿನ್ನೆ ಅಚ್ಚಿನಿಂದ ಬಿದ್ದ ಹಾಗಿತ್ತು. ಹೆಣ್ಣಿನ ಕೂದಲ ಎಳೆ ಎಳೆಯೂ ಎದ್ದು ನಿಂತಿತ್ತು.

"ನಮ್ಮಪ್ಪ ಆ ಊರಿನವರು" ಎಂದರು. "ಹುಡುಗನಾಗಿದ್ದಾಗ ಇದೊಂದನ್ನೇ ಬಟ್ಟೆಯಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಇಲ್ಲಿಗೆ ಬಂದು, ಪರ್ತ್ ಅಂಬಾಯ್ ಕಡೆ ತಾಮ್ರದ ಕಾರ್ಖಾನೆ ಸೇರಿದರು. ಮತ್ತೆ ಹಿಂದಕ್ಕೆ ಹೋಗಲೇ ಇಲ್ಲ. ಹಸಿವಿದ್ದಾಗಲೂ ಇದನ್ನು ಖರ್ಚು ಮಾಡಲಿಲ್ಲ. ನಮಗೆ ಮುಟ್ಟೋಕೂ ಬಿಡ್ತಿರಲಿಲ್ಲ."

ಇದನ್ನು ಮಾರಿ, ಬಂದ ಹಣದಲ್ಲಿ ಮಗಳನ್ನು ಕರೆದುಕೊಂಡು ಕಾರ್ಸನ್ ಸಿಟಿ ನೋಡಿ ಬರಬೇಕೆಂಬುದು ಅವರ ಆಸೆ. ಮಂಡಿ ಇನ್ನೂ ನಡೆಯುವಷ್ಟಿದೆ, ಇನ್ನು ಎಷ್ಟು ದಿನವೋ ಎಂದರು. ಆದರೆ ಒಂದು ಅಳುಕು. ತೀರಿಹೋದ ಗಂಡ ಯಾವಾಗಲೂ ಛೇಡಿಸುತ್ತಿದ್ದನಂತೆ, ನಿಮ್ಮಪ್ಪನಿಗೆ ಯಾರೋ ನಕಲಿ ನಾಣ್ಯ ಕೊಟ್ಟು ಟೋಪಿ ಹಾಕಿದ್ದಾರೆ ಎಂದು.

"ನೀನೇ ಹೇಳು" ಎಂದು ನಾಣ್ಯವನ್ನು ನನ್ನ ಅಂಗೈಯಲ್ಲಿಟ್ಟರು. "ಖರೇ ಬೆಳ್ಳಿಯಾ?"

ಸದ್ದು ಚೆನ್ನಾಗಿತ್ತು. ಆದರೆ ಸದ್ದಿನಲ್ಲಿ ಮೋಸ ಹೋದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಶೈಲಾಳ ಮನೆಯಿಂದ ಕಲ್ಲು ತರಿಸಿದೆ. "ಟೆಸ್ಟ್ ಮಾಡಲಾ?" ಎಂದು ಕೇಳಿದೆ. "ಮಾಡು, ಮಾಡು" ಎಂದರು. ಟೆಸ್ಟ್ ಎಂದರೆ ಏನೆಂದು ನಾನು ಹೇಳಲಿಲ್ಲ. ಅವರೂ ಕೇಳಲಿಲ್ಲ. ನಾಣ್ಯದ ಅಂಚಿನ ಏರನ್ನು ಕಲ್ಲಿಗೊತ್ತಿ ಎರಡು ಸಲ ಎಳೆದೆ. ಪಕ್ಕದಲ್ಲೇ ನನ್ನ ಬಳೆಯಿಂದ ಒಂದು ಗೆರೆ ಎಳೆದೆ. ಎರಡು ಗೆರೆಗಳ ಬಣ್ಣವನ್ನು ಕಿಟಕಿಯ ಬೆಳಕಿಗೆ ಹಿಡಿದು ಹೋಲಿಸಿದೆ.

"ನೂರಕ್ಕೆ ತೊಂಬತ್ತು ಭಾಗ ಬೆಳ್ಳಿ, ಹತ್ತು ಭಾಗ ತಾಮ್ರ. ನಿಮ್ಮಪ್ಪ ಮೋಸ ಹೋಗಿಲ್ಲ" ಎಂದೆ.

ಶೈಲಾ ಫೋನಿನಲ್ಲಿ ಹುಡುಕಿ ನೋಡಿ, "ಕರೆಕ್ಟ್ ಅಕ್ಕಾ! ನೈಂಟಿ ಪರ್ಸೆಂಟ್ ಅಂತನ ಐತಿ" ಎಂದು ಕೂಗಿದಳು. ಡೊಲೊರೆಸ್ ಬಾಯಿ ನನ್ನನ್ನು ತಬ್ಬಿಕೊಂಡರು. ಕಪ್ಪು ಕಲ್ಲಿನ ಮೇಲಿನ ಬೆಳ್ಳಿ ಗೆರೆಯನ್ನು ಬಾಗಿ ನೋಡಿ, "ಎಷ್ಟು ಚಂದ ಇದೆ!" ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ನನಗೂ ಅಪ್ಪನ ನೆನಪಾಯಿತು. ಅಷ್ಟು ಹೆಮ್ಮೆಯಿಂದ ನಾನು ಬಹಳ ದಿನಗಳಿಂದ ಕೂತಿರಲಿಲ್ಲ.

ಹೈವೇ ಪಕ್ಕದ ಹೋಟೆಲು

ಮುಂದಿನ ಶನಿವಾರ ಹೈವೇ ಪಕ್ಕದ ಹೋಟೆಲೊಂದರ ಹಾಲ್‌ನಲ್ಲಿ ನಾಣ್ಯದ ಸಂತೆ ಇತ್ತು. ಶೈಲಾ ಕಾರು ಓಡಿಸಿದಳು. ಡೊಲೊರೆಸ್ ಬಾಯಿ ಒಳ್ಳೆಯ ಕೋಟು ತೊಟ್ಟು, ತುಟಿಗೆ ಬಣ್ಣ ಹಚ್ಚಿಕೊಂಡು ಮುಂದೆ ಕೂತರು. ದಾರಿಯುದ್ದಕ್ಕೂ ಕಾರ್ಸನ್ ಸಿಟಿಯಲ್ಲಿ ಈಗ ಚಳಿ ಎಷ್ಟಿರಬಹುದು ಎಂಬ ಮಾತೇ.

ಹಾಲ್ ತುಂಬ ಮೇಜು, ಮೇಜಿಗೊಂದು ದೀಪ. ನಮ್ಮ ಬಜಾರಿನ ಗದ್ದಲವಿಲ್ಲ, ಚೌಕಾಸಿಯೂ ಪಿಸುಮಾತಿನಲ್ಲೇ. ಅಷ್ಟು ದೊಡ್ಡ ದೇಹದ ಗಂಡಸರು ಅಷ್ಟು ನಾಜೂಕಾಗಿ ಕೈಯಾಡಿಸುವುದನ್ನು ನಾನು ನೋಡಿರಲಿಲ್ಲ. ನಾಣ್ಯವನ್ನು ಅಂಚಿನಲ್ಲಷ್ಟೇ ಎರಡು ಬೆರಳಲ್ಲಿ ಹಿಡಿಯುತ್ತಾರೆ. ಕೆಳಗೆ ಮಖಮಲ್ಲಿನ ಬಟ್ಟೆ, ಬಿದ್ದರೆ ಪೆಟ್ಟಾಗಬಾರದೆಂದು. ನಾಣ್ಯದ ಮೇಲೆ ಬಾಗಿ ಮಾತಾಡಲು ಹೋದ ಒಬ್ಬನಿಗೆ ವ್ಯಾಪಾರಿ ಕೈ ಅಡ್ಡ ಹಿಡಿದ. ಉಗುಳು ಸಿಡಿದರೂ ಕಲೆಯಾಗುತ್ತದಂತೆ.

ಅದನ್ನು ನೋಡುತ್ತಿದ್ದ ಹಾಗೆ ನನ್ನ ಒರೆಗಲ್ಲಿನ ಮೇಲಿನ ಬೆಳ್ಳಿ ಗೆರೆ ನೆನಪಾಯಿತು. ಶೈಲಾಳ ಕೈ ಎಳೆದು, "ನಾ ಕಲ್ಲಿಗೆ ತಿಕ್ಕಿದ್ದು ತಪ್ಪಾತೇನ?" ಎಂದೆ. ಅವಳು ನನ್ನ ಮುಖ ನೋಡಿದಳು. ಅಷ್ಟರಲ್ಲಿ ಡೊಲೊರೆಸ್ ಬಾಯಿ ಒಂದು ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತಾಗಿತ್ತು.

ವ್ಯಾಪಾರಿ ಬಿಳಿ ಗಡ್ಡದ, ಉಣ್ಣೆಯಂಗಿ ತೊಟ್ಟ ಮನುಷ್ಯ. ಉಣ್ಣೆ ಬಟ್ಟೆ ಬಿಚ್ಚಿದೊಡನೆ ಅವನ ಬೆನ್ನು ನೆಟ್ಟಗಾಯಿತು. ಪುಟ್ಟ ತಕ್ಕಡಿಯ ಮೇಲಿಟ್ಟ. ನಮ್ಮ ಲೆಕ್ಕದಲ್ಲಿ ಎರಡು ತೊಲಕ್ಕಿಂತ ತುಸು ಹೆಚ್ಚು ತೂಗಿತು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಆ ಎರಡು ಅಕ್ಷರ ನೋಡಿದ. ಅಸಲಿ ಎಂದು ಹೇಳಲು ಅವನಿಗೆ ಅಷ್ಟೇ ಸಾಕಾಯಿತು. ಡೊಲೊರೆಸ್ ಬಾಯಿಯ ಅಡುಗೆಮನೆಯಲ್ಲೂ ಹಿಟ್ಟು ತೂಗುವ ತಕ್ಕಡಿ ಅವತ್ತು ನನ್ನ ಮೊಣಕೈ ಪಕ್ಕದಲ್ಲೇ ಇತ್ತು, ತೂಗಿ ನೋಡುವುದು ನನಗೆ ಹೊಳೆದಿರಲಿಲ್ಲ.

ಆಮೇಲೆ ಅವನು ನಾಣ್ಯವನ್ನು ದೀಪದಡಿಯಲ್ಲಿ ಓರೆ ಮಾಡಿದ. ಅಂಚಿನಲ್ಲಿ ಒಂದು ಕಡೆ ಹೊಸ ಬೆಳ್ಳಿ ಪಳಕ್ಕೆಂದಿತು. ಅವನ ಬಾಯಿಂದ ನೋವಾದವನ ಹಾಗೆ ಒಂದು ಸಣ್ಣ ಸದ್ದು ಬಂತು.

"ಅಯ್ಯೋ. ಇದನ್ನು ಯಾರು ಉಜ್ಜಿದ್ದು?"

ನನಗೆ ಅಷ್ಟು ಇಂಗ್ಲಿಷ್ ತಿಳಿಯಿತು. ಬಾಯಿ ತೆರೆದೆ. ನನಗಿಂತ ಮೊದಲು ಡೊಲೊರೆಸ್ ಬಾಯಿ ಹೇಳಿದರು.

"ನಮ್ಮಪ್ಪ. ಅವರಿಗೆ ಇಂಥದ್ದರಲ್ಲಿ ಎಚ್ಚರಿಕೆ ಕಮ್ಮಿ."

ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮಂಡಿಯ ಮೇಲಿಟ್ಟಿದ್ದ ತಮ್ಮ ಕೈಚೀಲದ ಹಿಡಿಕೆಯನ್ನು ಮಾತ್ರ ಬಿಗಿಯಾಗಿ ಹಿಡಿದಿದ್ದರು.

ವ್ಯಾಪಾರಿ ಒಳ್ಳೆಯವನು. ನಿಧಾನವಾಗಿ ವಿವರಿಸಿದ, ಶೈಲಾ ನನಗೆ ಕನ್ನಡದಲ್ಲಿ ಹೇಳುತ್ತ ಹೋದಳು. ಇದರಲ್ಲಿರುವ ಬೆಳ್ಳಿಯ ಬೆಲೆ ಏನೂ ಅಲ್ಲ, ಅಷ್ಟು ಬೆಳ್ಳಿ ಯಾವ ಹಳೇ ಡಾಲರಿನಲ್ಲೂ ಇರುತ್ತದೆ. ಈ ಊರಿನ ಅಚ್ಚಿನದು ಸಿಗುವುದು ಕಷ್ಟ, ಅದರಲ್ಲೂ ಯಾರ ಕೈಯೂ ಸವೆಸದೆ ಉಳಿದದ್ದು ಇನ್ನೂ ಕಷ್ಟ. ಸಂಗ್ರಹ ಮಾಡುವವರು ಹಣ ಕೊಡುವುದು ಅದಕ್ಕೆ. ಪರೀಕ್ಷೆ ಮಾಡಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುವವರು ಇನ್ನು ಇದರ ಚೀಟಿಯ ಮೇಲೆ ಹಾನಿಯಾಗಿದೆ ಎಂದೇ ಬರೆಯುತ್ತಾರೆ. ಅವನು ಹೇಳಿದ ಬೆಲೆ, ಉಜ್ಜದೆ ಇದ್ದಿದ್ದರೆ ಬರುತ್ತಿದ್ದ ಬೆಲೆಯ ಕಾಲು ಭಾಗದಷ್ಟೂ ಇರಲಿಲ್ಲ.

"ಉಜ್ಜಿದ್ದನ್ನು ಸರಿ ಮಾಡೋಕೆ ಆಗತ್ತಾ?" ಎಂದು ಶೈಲಾ ಕೇಳಿದಳು.

"ದಯವಿಟ್ಟು ಇನ್ನೇನೂ ಮಾಡಬೇಡಿ" ಎಂದ.

ಡೊಲೊರೆಸ್ ಬಾಯಿ ಅವನಿಗೆ ಥ್ಯಾಂಕ್ಸ್ ಹೇಳಿ, ನಾಣ್ಯವನ್ನು ಸುತ್ತಿಕೊಂಡು ಎದ್ದರು. ಮಾರಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ ನಾನು ಹಿಂದಿನಿಂದ ಅವರ ಭುಜ ಮುಟ್ಟಿ, "ಸಾರಿ, ಡೊಲೊರೆಸ್ ಬಾಯಿ. ಐ ಡಿಡ್ ನಾಟ್ ನೋ" ಎಂದೆ. ಅವರು ನನ್ನ ಕೈಯ ಮೇಲೆ ಕೈಯಿಟ್ಟು ಎರಡು ಸಲ ತಟ್ಟಿದರು. ಕಾರ್ಸನ್ ಸಿಟಿಯ ಮಾತು ಮತ್ತೆ ಬರಲಿಲ್ಲ.

ಮ್ಯಾನ್‌ಹ್ಯಾಟನ್

ಮ್ಯಾನ್‌ಹ್ಯಾಟನ್ ನೋಡದೆ ಹೋದರೆ ಜನ ನಗುತ್ತಾರೆಂದು ಶೈಲಾ ಒಂದು ದಿನ ರೈಲಿನಲ್ಲಿ ಕರೆದುಕೊಂಡು ಹೋದಳು. ಆಕಾಶಕ್ಕೆ ಚುಚ್ಚಿದ ಕಟ್ಟಡಗಳು, ಸಿಗ್ನಲ್ ಕೆಂಪಿದ್ದರೂ ಸೀದಾ ನಡೆಯುವ ಜನ, ಕಾಲಡಿಯಲ್ಲಿ ಗುಡುಗುವ ರೈಲು. ನಿಂತು ನೋಡಿದರೆ ಹಿಂದಿನವರು ಬೈಯುತ್ತಾರೆ. ಎಲ್ಲ ನೋಡಿದೆ, ಒಂದೂ ಮನಸ್ಸಿನಲ್ಲಿ ನಿಂತಿಲ್ಲ.

ದೋಣಿಯ ಕಟ್ಟೆಯ ಬೆಂಚಿನ ಮೇಲೆ ಬುತ್ತಿ ಬಿಚ್ಚಿದಾಗ ಶೈಲಾ ಕೊನೆಗೂ ಬಾಯಿ ಬಿಟ್ಟಳು. "ಫೋನ್‌ದಾಗ ನೈಂಟಿ ಪರ್ಸೆಂಟ್ ಅಂತ ಮೊದಲ ನೋಡಿದ್ರ ಆಗ್ತಿತ್ತು. ನಾನೂ ಕುಂತು ನೋಡಿದೆ. ನಿನ್ನ ತಡೀಲಿಲ್ಲ."

"ನೀ ಯಾಕ ತಡೀತಿ? ಕೈ ನಂದು."

"ಅಕ್ಕಾ, ಡೊಲೊರೆಸ್ ನಂಗ ಎಂದೂ ಏನೂ ಕೇಳಿಲ್ಲ. ಇಷ್ಟು ವರ್ಷದಾಗ ಕೇಳಿದ್ದು ಇದೊಂದ."

ನನ್ನ ಬಳೆಗಳನ್ನು ಕೊಟ್ಟು ಹೋಗಲೇ ಎಂದೆ. ಕಾರ್ಸನ್ ಸಿಟಿಗೆ ತಾನೇ ಟಿಕೆಟ್ ತೆಗೆಸಿಕೊಡುತ್ತೇನೆಂದು ಡೊಲೊರೆಸ್ ಬಾಯಿಗೆ ಆಗಲೇ ಹೇಳಿ ಬಂದಿದ್ದಾಗಿಯೂ, ಅವರು ನಕ್ಕು ಮಾತು ತೇಲಿಸಿದ್ದಾಗಿಯೂ ಶೈಲಾ ಹೇಳಿದಳು. ಉಳಿದ ರೊಟ್ಟಿ ಮಡಚಿ ಚೀಲಕ್ಕೆ ಹಾಕಿದೆವು.

ಹೊರಡುವ ದಿನ

ನಾನು ಹೊರಡುವ ಬೆಳಿಗ್ಗೆ, ಮಗಳ ಜೊತೆ ಕಾರಿನಲ್ಲಿ ಎಲ್ಲಿಗೋ ಹೊರಟಿದ್ದ ಡೊಲೊರೆಸ್ ಬಾಯಿ ಅವಳನ್ನೂ ಕರೆದುಕೊಂಡು ಬಂದರು. ಕ್ಯಾರೆನ್ ಹಿಂದಿನ ದಿನವೇ ಬಂದಿದ್ದಳಂತೆ. ಎತ್ತರದ, ಗಟ್ಟಿ ದನಿಯ ಹೆಂಗಸು, ಶಾಲೆಯಲ್ಲಿ ಪಾಠ ಹೇಳುತ್ತಾಳೆ. ನನ್ನ ಕೈ ಕುಲುಕಿ, "ಅಮ್ಮ ನಿಮ್ಮ ಬಗ್ಗೆ ಬಹಳ ಹೇಳಿದ್ದಾಳೆ. ತಾತನ ನಾಣ್ಯ ಅಸಲಿ ಅಂತ ಹೇಳಿದವರು ನೀವೇ ಅಲ್ವಾ?" ಎಂದಳು.

ನಾನು ತಲೆಯಾಡಿಸಿದೆ.

ಡೊಲೊರೆಸ್ ಬಾಯಿ ಕೋಟಿನ ಜೇಬಿನಿಂದ ನಾಣ್ಯ ತೆಗೆದರು. ಉಣ್ಣೆ ಬಟ್ಟೆ ಇರಲಿಲ್ಲ. ನನಗೆ ಕೊನೆಯ ಸಲ ತೋರಿಸಲೆಂದೇ ತಂದಿದ್ದರೋ ಏನೋ. ಕ್ಯಾರೆನ್ ಅದನ್ನು ಇಸಿದುಕೊಂಡು ಉಜ್ಜಿದ ಜಾಗವನ್ನು ಉಗುರಿನಿಂದ ತೋರಿಸುತ್ತ ನಕ್ಕಳು. "ನೋಡಿ ನಮ್ಮ ತಾತನ ಕೆಲಸ! ಮಕ್ಕಳಿಗೆ ಮುಟ್ಟೋಕೆ ಬಿಡ್ತಿರಲಿಲ್ಲ, ತಾನೇ ಹಾಳು ಮಾಡಿಟ್ಟಿದ್ದಾನೆ. ಏನಕ್ಕೆ ಉಜ್ಜಿದನೋ. ಕುಡಿದಿದ್ದನೋ ಏನೋ!"

ಡೊಲೊರೆಸ್ ಬಾಯಿಯೂ ಸಣ್ಣಗೆ ನಕ್ಕರು.

ನನಗೆ ಸಹಿಸಲಾಗಲಿಲ್ಲ. ಹಸಿದಾಗಲೂ ಆ ನಾಣ್ಯ ಮುರಿಸದೆ ಇಟ್ಟುಕೊಂಡ ಮನುಷ್ಯ, ಸತ್ತ ಮೇಲೆ ನನ್ನ ಕೈಯ ತಪ್ಪಿಗೆ ಮೊಮ್ಮಗಳ ಬಾಯಲ್ಲಿ ಕುಡುಕನಾಗುತ್ತಿದ್ದ. ನನ್ನ ಅಪ್ಪನನ್ನು ಯಾರಾದರೂ ಹಾಗೆ ಅಂದಿದ್ದರೆ ನಾನು ಬಿಡುತ್ತಿದ್ದೆನೇ? ಅಂದು ಆ ಮೇಜಿನ ಮುಂದೆ ಬರದ ಮಾತು ಈಗ ತಾನೇ ತಾನಾಗಿ ಬಂತು.

"ನಾಟ್ ಗ್ರ್ಯಾಂಡ್‌ಫಾದರ್" ಎಂದೆ. "ಮೀ. ಐ ಡಿಡ್ ಇಟ್. ವಿತ್ ಸ್ಟೋನ್."

ಕ್ಯಾರೆನ್‌ಳ ನಗು ನಿಂತಿತು. ತಾಯಿಯ ಮುಖ ನೋಡಿದಳು. ತಾಯಿ ನೆಲ ನೋಡಿದರು. ಶೈಲಾ ಅವಸರದಿಂದ ಏನೇನೋ ವಿವರಿಸಿದಳು, ನಮ್ಮ ದೇಶದ ಪದ್ಧತಿ, ಅಕ್ಕನ ಕಸುಬು, ಗೊತ್ತಿಲ್ಲದೆ ಆದದ್ದು. ಕ್ಯಾರೆನ್ ಪೂರ್ತಿ ಕೇಳಿದಳು. "ಸರಿ" ಎಂದು ಒಂದೇ ಮಾತು ಹೇಳಿ, ನಾಣ್ಯವನ್ನು ತಾಯಿಯ ಕೈಗೆ ಕೊಟ್ಟು, ಕಾರಿನಲ್ಲಿ ಕಾಯುತ್ತೇನೆಂದು ಇಳಿದು ಹೋದಳು. ನನಗೆ ಪ್ರಯಾಣ ಸುಖವಾಗಲಿ ಎನ್ನಲಿಲ್ಲ.

ನಾನು ಕ್ಷಮೆ ಕೇಳಲು ಹೋದೆ. ಡೊಲೊರೆಸ್ ಬಾಯಿ ಕೈಯೆತ್ತಿ ತಡೆದರು. ಮೆಲ್ಲಗೆ, ನನಗೆ ತಿಳಿಯಲೆಂದು ಬಿಡಿಸಿ ಬಿಡಿಸಿ, ಶೈಲಾಳ ಕಡೆಯೂ ನೋಡುತ್ತ ಮಾತಾಡಿದರು.

"ನೀನು ಹೇಳಬೇಕಾಗಿರಲಿಲ್ಲ ಗಿರಿಜಾ. ಅವತ್ತು ಆ ಮನುಷ್ಯನಿಗೆ ಸುಳ್ಳು ಹೇಳಿದೆನಲ್ಲ, ಅದು ನಿನಗೋಸ್ಕರ ಹೇಳಿದ್ದು. ಮನೆಗೆ ಬಂದ ಮೇಲೆ ಯಾಕೋ ನನಗೇ ಇಷ್ಟವಾಯಿತು. ಅಪ್ಪ ಇದನ್ನು ಎಷ್ಟು ಜೋಪಾನ ಮಾಡಿದ್ದರೆಂದರೆ ಅವರ ಗುರುತು ಇದರ ಮೇಲೆ ಒಂದೂ ಇರಲಿಲ್ಲ. ಹೊಸ ನಾಣ್ಯ, ಅಷ್ಟೇ. ಈಗ ಇಲ್ಲಿ ಬೆರಳಿಟ್ಟರೆ ಇದು ಅಪ್ಪ ಉಜ್ಜಿದ್ದು, ಏನೋ ಯೋಚನೆ ಮಾಡ್ತಾ ಕೂತು ಉಜ್ಜಿದ್ದು ಅನ್ನೋ ಹಾಗೆ ಆಗಿತ್ತು. ಜೇಬಿನಲ್ಲೇ ಇಟ್ಟುಕೊಂಡು ತಿರುಗ್ತಿದ್ದೆ. ಅದೇ ನಿಜ ಅಂತ ನಂಬಿಕೆ ಬರ್ತಾ ಇತ್ತು."

ಶೈಲಾ ಅದನ್ನು ನನಗೆ ಕನ್ನಡದಲ್ಲಿ ಹೇಳಲು ಹೊರಟಳು. ಬೇಡವೆಂದು ತಲೆಯಲ್ಲಾಡಿಸಿದೆ. ಒಂದು ಪದವೂ ತಪ್ಪದೆ ತಿಳಿದಿತ್ತು.

"ಬೇಕಾದರೆ ಅದಕ್ಕೊಂದು ಬೆಳ್ಳಿಯ ಕಟ್ಟು ಮಾಡಿ ಕಳಿಸಲಾ? ಕೊರಳಿಗೆ ಹಾಕಿಕೊಳ್ಳೋ ಹಾಗೆ? ಒಂದು ಚೂರೂ ಉಜ್ಜೋದಿಲ್ಲ" ಎಂದೆ. ಅದನ್ನು ಮಾತ್ರ ಶೈಲಾಳಿಂದ ಹೇಳಿಸಿದೆ.

"ಬೇಡ" ಎಂದರು ಡೊಲೊರೆಸ್ ಬಾಯಿ. ಸಿಟ್ಟಿರಲಿಲ್ಲ. ನನ್ನ ಕೆನ್ನೆ ಮುಟ್ಟಿ, ಜೋಕೆಯಾಗಿ ಹೋಗು ಎಂದರು. ಮೆಟ್ಟಿಲಿಳಿಯುವಾಗ ನಾಣ್ಯ ಇನ್ನೂ ಅವರ ಕೈಯಲ್ಲೇ ಇತ್ತು. ಕಾರಿನ ಬಾಗಿಲ ಹತ್ತಿರ ನಿಂತು, ಉಜ್ಜಿದ ಜಾಗದ ಮೇಲೆ ಬೆರಳಿಟ್ಟು ಅದನ್ನು ಒಮ್ಮೆ ನೋಡಿದರು. ಆಮೇಲೆ ಜೇಬಿಗೆ ಹಾಕಿಕೊಳ್ಳದೆ, ಒಳಗೆ ಕೂತಿದ್ದ ಮಗಳಿಗೆ ಕೊಟ್ಟರು.